ಸತ್ತ ರಾಜನಿಗೆ ಆಯೇರಿ

ಕಳೆದ ವಾರ ಸಿಂಧನೂರಿಗೆ ನಾಟಕ ನೋಡಲು ಹೋಗಿದ್ದೆ. ಜೊತೆಗೆ ಕಾಕಾ, ನಮ್ಮಪ್ಪನ ತಮ್ಮ. ಪರದೆ ಏಳಲು ಇನ್ನೂ ಹೊತ್ತಿತ್ತು. ಪಕ್ಕದ ಬಾಗಿಲು ತೆರೆದಾಗ ಒಳಗಿನಿಂದ ಮುಖಕ್ಕೆ ಹಚ್ಚುವ ಬಣ್ಣದ ವಾಸನೆ ಬಂತು: ಕೊಬ್ಬರಿ ಎಣ್ಣೆ, ಬಿಳಿ ಪುಡಿ, ಸ್ವಲ್ಪ ಬೆವರು. ನೀವು ಎಂದಾದರೂ ಬಣ್ಣ ಹಚ್ಚಿದ್ದರೆ ಆ ವಾಸನೆ ನಿಮಗೂ ಗೊತ್ತಿರುತ್ತದೆ. ನಾನು ಜೀವನದಲ್ಲಿ ಒಂದೇ ಸಲ ಹಚ್ಚಿದವನು.

ಎಂಬತ್ತರ ದಶಕದ ಕೊನೆಯಿರಬೇಕು. ಭತ್ತದ ಕೊಯ್ಲು ಮುಗಿದ ಮೇಲೆ ನಮ್ಮ ವಳಕಮದಿನ್ನಿಯಲ್ಲಿ ನಾಟಕ ಆಡುತ್ತಿದ್ದೆವು. ಪರದೆಗಳು ಸಿಂಧನೂರಿನಿಂದ, ನಟಿಯರು ಲಿಂಗಸುಗೂರಿನಿಂದ, ಪೇಟಿ ಮಾಸ್ತರರು ಮಸ್ಕಿಯಿಂದ. ಪೇಟಿ ಎಂದರೆ ಹಾರ್ಮೋನಿಯಂ. ಆದರೆ ಮಾಸ್ತರರು ಬರೀ ಪೇಟಿ ಬಾರಿಸುತ್ತಿರಲಿಲ್ಲ, ನಮ್ಮಂಥವರ ಬಾಯಿ ತಿದ್ದುವುದೂ ಅವರದೇ ಕೆಲಸ. ಆ ವರ್ಷ ಕಾಕಾ ರಾಜ, ನಾನು ಅವನ ಮಗ. ನನ್ನ ದನಿ ಕೇಳಿದ ಮಾಸ್ತರರು ಬಹಳ ಹೊತ್ತು ಯೋಚಿಸಿ, "ನೀ ಹಾಡಬ್ಯಾಡಪಾ. ರಾಜ ಸತ್ತಾಗ ಅಳು. ಅಷ್ಟು ಮಾಡಿದ್ರ ಊರಿಗೆ ಉಪಕಾರ" ಎಂದರು.

ಅಪ್ಪನಿಗೂ ಕಾಕಾನಿಗೂ ಆಗ ಮಾತಿರಲಿಲ್ಲ. ಕಾಲುವೆ ನೀರಿನ ಪಾಳಿಯ ಜಗಳ. ಯಾರ ಗದ್ದೆಗೆ ಮೊದಲು ನೀರು ಎಂಬಲ್ಲಿ ಶುರುವಾದದ್ದು ಎರಡು ಬೆಳೆ ಕಳೆದರೂ ಮುಗಿದಿರಲಿಲ್ಲ. ಒಂದೇ ಗೋಡೆಯ ಎರಡು ಮಗ್ಗುಲಲ್ಲಿ ಇದ್ದರು. ಒಬ್ಬರು ಕೆಮ್ಮಿದರೆ ಇನ್ನೊಬ್ಬರಿಗೆ ಕೇಳುತ್ತಿತ್ತು, ಅಷ್ಟೇ. ನಾನು ಕಾಕಾನ ಮಗನಾಗಿ ಪಾತ್ರ ಮಾಡುವುದನ್ನು ಅಪ್ಪ ಬೇಡ ಎನ್ನಲಿಲ್ಲ. ಒಳ್ಳೆಯದು ಎಂದೂ ಅನ್ನಲಿಲ್ಲ.

ನಮ್ಮ ಕಡೆಯ ನಾಟಕಗಳಲ್ಲಿ ಆಯೇರಿ ಎಂಬುದೊಂದಿತ್ತು. ಆಟದ ನಡುವೆಯೇ ನಟನ ನೆಂಟರು ರಂಗ ಹತ್ತಿ, ಮೈಕಿನಲ್ಲಿ ಹೆಸರು ಕೂಗಿಸಿ, ಅವನ ಹೆಗಲಿಗೆ ಟಾವೆಲ್ ಹೊದಿಸುವರು. ನಟ ಪಾತ್ರ ಬಿಟ್ಟು ಕೈಮುಗಿಯಬೇಕು, ಆಮೇಲೆ ಮುಂದುವರಿಸಬೇಕು. ಸತ್ತು ಬಿದ್ದವನೂ ಎದ್ದು ಆಯೇರಿ ಮಾಡಿಸಿಕೊಂಡು ಮತ್ತೆ ಮಲಗುತ್ತಿದ್ದ. ಅದಕ್ಕೆ ಯಾರೂ ನಗುತ್ತಿರಲಿಲ್ಲ. ಒಡಹುಟ್ಟಿದವರು ಆಯೇರಿ ಮಾಡದೆ ಹೋದರೆ ಮಾತ್ರ ಊರು ಆಡಿಕೊಳ್ಳುತ್ತಿತ್ತು. ಆ ಅಂಜಿಕೆಗೇ ಅವ್ವ ಟಾವೆಲ್ ತಂದಿಟ್ಟು, "ಹಾಕಿ ಬಂದುಬಿಡ್ರಿ, ಮಾತೇನು ಆಡಬ್ಯಾಡ್ರಿ" ಎಂದು ಅಪ್ಪನನ್ನು ಒಪ್ಪಿಸಿದ್ದಳು.

ಕೋಳಿ ಕೂಗುವ ಹೊತ್ತಿಗೆ ರಾಜ ಸತ್ತ. ನಾನು ಅವನ ತಲೆಯ ಬಳಿ ಕೂತು ಅಳು ಶುರುಮಾಡಿದ್ದೆ. ಮೈಕಿನಲ್ಲಿ ಅಪ್ಪನ ಹೆಸರು ಬಂತು. ಪೇಟಿ ನಿಂತಿತು. ಅಪ್ಪ ಚಪ್ಪಲಿ ಕಳಚಿ ಮೆಟ್ಟಿಲು ಹತ್ತಿ ಬಂದು ನಿಂತ. ಕಾಕಾ ಏಳಲಿಲ್ಲ.

"ಏಳಪಾ, ನಿಮ್ಮಣ್ಣ ಬಂದಾನ," ಎಂದು ಮಾಸ್ತರರು ಮೆಲ್ಲಗೆ ಅಂದರು.

"ಖರೇನ ಸತ್ತಾನೇನಲೇ?" ಎಂದ ಜನರ ನಡುವಿನಿಂದ ಒಬ್ಬ. ನಾಲ್ಕು ಜನ ನಕ್ಕರು. ಆಮೇಲೆ ನಗು ನಿಂತಿತು.

ಅಪ್ಪ ಟಾವೆಲ್ ಹಿಡಿದು ನಿಂತೇ ಇದ್ದ. ನಿಂತವನ ಹೆಗಲಿಗೆ ಹೊದಿಸಿದರೆ ಆಯೇರಿ. ಮಲಗಿದವನಿಗೆ ಹೊಸ ಬಟ್ಟೆ ಹೊದಿಸುವುದು ಹೆಣಕ್ಕೆ ಮಾತ್ರ. ಅಪ್ಪ ಮೊಣಕಾಲೂರಿದ. ಮಡಿಕೆ ಬಿಚ್ಚಿ ಎದೆಯ ಮೇಲೆ ಹರವಿ ಮೇಲಕ್ಕೆ ಎಳೆದ. ಗದ್ದದ ಹತ್ತಿರ ಬಂದಾಗ ಕೈ ನಿಂತಿತು.

"ಏಳು," ಎಂದ. ಮೈಕು ಅದನ್ನು ಹಿಡಿಯಲಿಲ್ಲ. "ಏಳು ತಮ್ಮಾ. ನೀರು ನೀನಽ ಮೊದಲ ಬಿಟ್ಕೋ."

ಟಾವೆಲ್ಲಿನ ಅಡಿಯಿಂದ ಕಾಕಾನ ಕೈ ಹೊರಬಂದು ಅಪ್ಪನ ಮಣಿಕಟ್ಟು ಹಿಡಿಯಿತು. ಕಣ್ಣು ಮುಚ್ಚಿಯೇ ಇದ್ದವು. ನಾನು ಅಳುವುದನ್ನು ಮರೆತಿದ್ದೆ; ನನಗೆ ಕೊಟ್ಟಿದ್ದು ಅದೊಂದೇ ಕೆಲಸ.

ಇದನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಕಾಕಾ ನಿಜವಾದ ಕಲಾವಿದ, ಅದಕ್ಕೇ ಪಾತ್ರ ಬಿಡಲಿಲ್ಲ ಎಂದು ಕೊನೆಗೊಂದು ಮಾತು ಸೇರಿಸುತ್ತಿದ್ದೆ. ಅಪ್ಪ ತೀರಿಕೊಂಡು ವರ್ಷಗಳಾದವು. ಕಳೆದ ವಾರ ಸಿಂಧನೂರಿನಲ್ಲಿ, ಬಣ್ಣದ ವಾಸನೆಯಲ್ಲಿ ಕೂತು, ಮೊದಲ ಸಲ ಕೇಳಿದೆ.

"ಕಾಕಾ, ಅವತ್ತು ಯಾಕ ಏಳಲಿಲ್ಲ?"

"ಎದ್ದಿದ್ರ ಟಾವೆಲ್ ಹಾಕಿ ಹೋಗತಿದ್ದ ನಿಮ್ಮಪ್ಪ. ಏಳಲಿಲ್ಲಂತ ಕುಂತ."

"ಮುಖ ಮುಚ್ಚಿ ಹೋಗಿಬಿಟ್ಟಿದ್ರ?"

ಕಾಕಾ ಬಾಯಲ್ಲಿದ್ದ ಅಡಿಕೆಯನ್ನು ಇನ್ನೊಂದು ದವಡೆಗೆ ಸರಿಸಿದ. "ಅದಽ ಅಂಜಿಕಿ ಇತ್ತು ನೋಡು. ಉಸುರು ಹಿಡಕೊಂಡಿದ್ದೆ."

ದೀಪಗಳು ಆರಿದವು. ನಾಟಕ ಚೆನ್ನಾಗಿತ್ತು. ನಡುವೆ ಯಾರೂ ರಂಗ ಹತ್ತಲಿಲ್ಲ. ಮುಗಿದ ಮೇಲೆ ಮೆಟ್ಟಿಲು ಇಳಿಯುವಾಗ ಕಾಕಾನ ಕೈ ಹಿಡಿದುಕೊಂಡೆ. ಮುದುಕ ಎಡವಿಯಾನೆಂದು ಹಿಡಿದಿದ್ದೇನೆ ಎಂದು ಅವನು ಅಂದುಕೊಂಡಿರಬೇಕು. ಸಮನಾದ ರಸ್ತೆ ಸಿಕ್ಕ ಮೇಲೂ ನಾನು ಬಿಡಲಿಲ್ಲ.