ಮುಯ್ಯಾಳು ಮುಗಿಸಿದ ಆಟ

ನನ್ನ ಹೆಂಡತಿ ನಾಲ್ಕು ತಿಂಗಳು ಆಡಿದ ಆಟವನ್ನು ನರಸೀಪುರದ ನನ್ನ ಗೆಳೆಯ ಇಪ್ಪತ್ತು ನಿಮಿಷದಲ್ಲಿ ಮುಗಿಸಿ, ನಮ್ಮ ಫೋನ್ ಗ್ರೂಪಿನಲ್ಲಿ ಹೆಬ್ಬೆರಳಿನ ಚಿತ್ರ ಹಾಕಿದ. ಆ ಹೆಬ್ಬೆರಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಆದರೆ ಉರಿ ಯಾರ ಮೇಲೆ ಎಂಬುದನ್ನು ಮೂರು ಸಲ ಬರೆದು ಮೂರು ಸಲವೂ ಹೊಡೆದುಹಾಕಿದ್ದೇನೆ. ಇದು ನಾಲ್ಕನೆಯದು. ಮೊದಲ ಮೂರರಲ್ಲಿ ನಾನು ಒಳ್ಳೆಯವನಾಗಿದ್ದೆ.

ನಾವು ಮೂವರು ಗೆಳೆಯರು, ಮೂವರಿಗೂ ನಲವತ್ತು ದಾಟಿದೆ. ನಾನು ನಂಜನಗೂಡಿನವನು, ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಕೆಲಸ. ನರಸೀಪುರದವನದು ಕಂಪ್ಯೂಟರ್ ರಿಪೇರಿ ಅಂಗಡಿ. ನನ್ನ ಮನೆಯ ಕಂಪ್ಯೂಟರನ್ನು ಬಿಡಿಭಾಗ ತಂದು ಜೋಡಿಸಿಕೊಟ್ಟವನು ಅವನೇ. ಮೂರನೆಯವನು ಕವಲಂದೆಯಲ್ಲಿ ಬಾಳೆ ಬೆಳೆಯುತ್ತಾನೆ. ಕಂಪ್ಯೂಟರಿನಲ್ಲಿ ಆಟ ಆಡುವವರು ಅಂತ ನಾವು ಹೊರಗೆ ಹೇಳಿಕೊಳ್ಳುವುದಿಲ್ಲ. ಇಸ್ಪೀಟು ಆಡುತ್ತೇವೆ ಎಂದರೆ ಕೊಡುವ ಮರ್ಯಾದೆಯನ್ನೂ ಜನ ಇದಕ್ಕೆ ಕೊಡುವುದಿಲ್ಲ.

ಆಡುತ್ತೇವೆ ಎನ್ನುವುದೂ ಪೂರ್ತಿ ನಿಜವಲ್ಲ. ಕೊಳ್ಳುತ್ತೇವೆ. ಆನ್‌ಲೈನ್ ಅಂಗಡಿಯಲ್ಲಿ ಸೇಲ್ ಬಂದಾಗ ಮೂವರಿಗೂ ಬುದ್ಧಿ ಇರುವುದಿಲ್ಲ. ಎರಡು ಸಾವಿರದ ಆಟ ಮುನ್ನೂರಕ್ಕೆ ಬಂದರೆ ಬೇಕೋ ಬೇಡವೋ ಕೊಂಡು ಪಟ್ಟಿಗೆ ಸೇರಿಸುತ್ತೇವೆ, ಅದು ಅಲ್ಲೇ ಬಿದ್ದಿರುತ್ತದೆ. ಭಾನುವಾರ ಬೆಳಿಗ್ಗೆ ಮೂವರೂ ಫೋನಿನಲ್ಲಿ ಸೇರಿದರೆ ಮಾತು ಹೀಗೆ ಸಾಗುತ್ತದೆ:

“ಆ ಕಾಡಿನ ಆಟ ಶುರು ಮಾಡಿದ್ಯಾ?” ನಾನು ಕೇಳುತ್ತೇನೆ.

“ಮಾಡ್ದೆ ಕಣ್ಲಾ. ಎಲ್ಡು ಗಂಟೆ ಆಡ್ದೆ,” ಎನ್ನುತ್ತಾನೆ ಕವಲಂದೆಯವನು.

“ಎಲ್ಲೀಗಂಟ ಬಂದೆ?”

“ಸೆಟ್ಟಿಂಗ್ಸ್‌ಗಂಟ ಬಂದಿವ್ನಿ.”

ಆಗ ನರಸೀಪುರದವನು ಬಾಯಿ ಹಾಕುತ್ತಾನೆ. ಸೆಕೆಂಡಿಗೆ ಅರವತ್ತು ಫ್ರೇಮ್ ಬಂದು ಚಿತ್ರ ಸರಾಗವಾಗಿ ಓಡದಿದ್ದರೆ ಅದು ಆಟವೇ ಅಲ್ಲ ಎಂದು ಅವನ ನಂಬಿಕೆ. “ನೆರಳು ಲೋ ಮಾಡು, ಹುಲ್ಲು ಆಫ್ ಮಾಡು. ನೀರಲ್ಲಿ ಆಕಾಸ ಕಾಣೋದು ಬ್ಯಾರೆ ಇಟ್ಕಂಡಿದ್ದೀಯಾ. ಯಾವತ್ತಾದ್ರೂ ಒಳೇತಾವ್ ನಿಂತ್ಕಂಡು ಆಕಾಸ ನೋಡಿದ್ದೀಯೇನ್ಲಾ ನೀನು?”

“ಹುಲ್ಲು ತಗುದ್ಬುಟ್ರೆ ಕಾಡು ಓಗಿ ಬಸ್‌ಸ್ಟ್ಯಾಂಡ್ ಆಗ್ತದಲ್ಲೋ.”

“ಆಗ್ಲಿ. ಓಡಾಡಕ್ಕೆ ಸಲೀಸು.”

ಆಡದ ಆಟಗಳು ಪಟ್ಟಿಯಲ್ಲಿ ಬೆಳೆದು ನಮಗೇ ನಾಚಿಕೆಯಾಗುವಷ್ಟಾದಾಗ ಒಂದು ನಿಯಮ ಮಾಡಿಕೊಂಡೆವು: ಇರುವುದರಲ್ಲಿ ಮೂರು ಆಟ ಮುಗಿಸದೆ ಮುಂದಿನ ಸೇಲಿನಲ್ಲಿ ಯಾರೂ ಒಂದನ್ನೂ ಕೊಳ್ಳುವಂತಿಲ್ಲ. ನಿಯಮ ಮಾಡಿದ ತಿಂಗಳಲ್ಲೇ ಅದನ್ನು ವಂಚಿಸುವ ದಾರಿಯೂ ಸಿಕ್ಕಿತು. ಮುಯ್ಯಾಳು. ನಾಟಿಗೆ ಇವತ್ತು ನಿಮ್ಮ ಗದ್ದೆಗೆ ನಾವು ಬರುತ್ತೇವೆ, ನಾಳೆ ನಮ್ಮ ಗದ್ದೆಗೆ ನೀವು ಬನ್ನಿ, ಕೂಲಿ ಇಲ್ಲ, ಊಟ ಅಷ್ಟೇ ಎನ್ನುತ್ತಾರಲ್ಲ, ಅದು. ಆಟ ಎಲ್ಲಿಯವರೆಗೆ ಬಂದಿದೆ ಎನ್ನುವುದು ದೂರದ ಸರ್ವರಿನಲ್ಲಿ ಉಳಿದಿರುತ್ತದೆ. ಪಾಸ್‌ವರ್ಡ್ ಕೊಟ್ಟರೆ ನಾನು ನಂಜನಗೂಡಿನಲ್ಲಿ ಬಿಟ್ಟ ಕಡೆಯಿಂದ ಅವನು ನರಸೀಪುರದಲ್ಲಿ ಮುಂದುವರಿಸಬಹುದು. ಆಟದೊಳಗೆ ಕಬ್ಬಿಣ ಅಗೆಯುವುದು, ಸೌದೆ ಕೂಡಿಸುವುದು, ಇಂಥ ಬೇಸರದ ಕೆಲಸವನ್ನು ಒಬ್ಬರಿಗೊಬ್ಬರು ಮಾಡಿಕೊಡುತ್ತಿದ್ದೆವು. ಆಮೇಲೆ ಆಟಕ್ಕೆ ಆಟವನ್ನೇ ಮುಗಿಸಿಕೊಡತೊಡಗಿದೆವು. ಈ ಯೋಚನೆ ಕವಲಂದೆಯವನದು ಎಂದು ನನ್ನ ನೆನಪು. ನಿನ್ನದೇ ಎಂದು ಅವರಿಬ್ಬರೂ ಹೇಳುತ್ತಾರೆ. ಇಬ್ಬರು ಹೇಳುತ್ತಿರುವುದರಿಂದ ಅದೇ ನಿಜವಿರಬೇಕು.

ಇನ್ನು ನನ್ನ ಹೆಂಡತಿಯ ವಿಷಯ. ‘ನಾನು ಆಡುವಾಗ ಅವಳು ಪಕ್ಕದಲ್ಲಿ ಕೂತು ನೋಡುತ್ತಿದ್ದಳು’ ಎಂದು ಮೊದಲ ಸಲ ಬರೆದಿದ್ದೆ. ಎಷ್ಟು ಸಲೀಸಾಗಿ ಬಂತು ಆ ವಾಕ್ಯ! ಕುರ್ಚಿಯಲ್ಲಿ ಇರುತ್ತಿದ್ದವಳು ಅವಳು. ನಾನು ಪಕ್ಕದ ಪ್ಲಾಸ್ಟಿಕ್ ಸ್ಟೂಲಿನಲ್ಲಿ ಕೂತು ಫೋನ್ ನೋಡುತ್ತಿದ್ದೆ, ಆಗಾಗ ಬಗ್ಗಿ ಸೆಟ್ಟಿಂಗ್ಸ್ ತೆಗೆದು ಹಿಮ ಉದುರುವುದನ್ನು ಕಡಿಮೆ ಮಾಡುತ್ತಿದ್ದೆ. “ರೀ, ಹಿಮ ಬೀಳ್ಲಿ ಬಿಡ್ರೀ, ಅದಿಲ್ದೆ ಅವ್ರೆಲ್ಲ ಯಾಕ್ ಒಳಗ್ ಬರ್ತಾರೆ?” ಎಂದು ಅವಳು ಮತ್ತೆ ಜಾಸ್ತಿ ಮಾಡುತ್ತಿದ್ದಳು.

ಅದು ಹಿಮದ ನಾಡಿನ ಒಂದು ಸಣ್ಣ ರೈಲ್ವೆ ಸ್ಟೇಷನ್ನಿನ ಆಟ. ಸೇಲಿನಲ್ಲಿ ಬೇರೆ ಎರಡು ಆಟದ ಜೊತೆ ಕಟ್ಟಾಗಿ ಬಂದದ್ದು. ನಾನು ತೆರೆದೂ ನೋಡಿರಲಿಲ್ಲ. ಆಡುವವರು ಸ್ಟೇಷನ್ ಮಾಸ್ಟರ್. ಯುದ್ಧದಿಂದ ಓಡಿಬಂದವರು ಒಬ್ಬೊಬ್ಬರಾಗಿ ಬಾಗಿಲು ತಟ್ಟುತ್ತಾರೆ. ಒಳಗೆ ಬಿಡಬೇಕೋ, ಇರುವ ಬ್ರೆಡ್ಡನ್ನು ಯಾರಿಗೆ ಕೊಡಬೇಕೋ, ಅಷ್ಟೇ ಕೆಲಸ. ಗುಂಡಿಲ್ಲ, ಕತ್ತಿಯಿಲ್ಲ. ನನ್ನವಳು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೆಯ ಪಹಣಿ, ಖಾತೆ ಹುಡುಕಿಕೊಡುತ್ತಾಳೆ. ಯಾರಿಗೆ ಕೊಡಬೇಕು, ಯಾರನ್ನು ವಾಪಸ್ಸು ಕಳಿಸಬೇಕು ಎನ್ನುವುದನ್ನು ಬೇರೆಯವರು ನಿರ್ಧರಿಸಿ ಸಹಿ ಹಾಕಿರುತ್ತಾರೆ. ಇಲ್ಲಿ ನಿರ್ಧಾರ ಅವಳದು. ನಾಲ್ಕು ತಿಂಗಳಲ್ಲಿ ಹನ್ನೊಂದು ಜನರನ್ನು ಒಳಗೆ ಬಿಟ್ಟುಕೊಂಡು ಒಬ್ಬರನ್ನೂ ಸಾಯಲು ಬಿಟ್ಟಿರಲಿಲ್ಲ.

ಕೊನೆಗೆ ಸ್ಟೇಷನ್ ಮುಚ್ಚುವ ಆದೇಶ ಬಂತು. ಕೊನೆಯ ಗಾಡಿಯಲ್ಲಿ ಮಾಸ್ಟರನ್ನು ಬಿಟ್ಟು ಆರು ಜನಕ್ಕೆ ಮಾತ್ರ ಜಾಗ. ಆರು ಜನ ಯಾರು? ಮಾಸ್ಟರೂ ಹೊರಡಬೇಕೋ, ಉಳಿದವರ ಜೊತೆ ನಿಲ್ಲಬೇಕೋ? ಇದನ್ನು ಒಮ್ಮೆ ಆರಿಸಿದರೆ ಮುಗಿಯಿತು. ಮಾಡಿದವರ ಹಟವೋ ಏನೋ, ಆ ಆಟಕ್ಕೆ ಹಿಂದಕ್ಕೆ ಹೋಗುವ ದಾರಿಯಿಲ್ಲ. ಮುಗಿದ ಕೂಡಲೇ ಆಡಿದ್ದೆಲ್ಲ ಅಳಿಸಿಹೋಗುತ್ತದೆ. ಅವಳು ಅಲ್ಲಿಗೆ ನಿಲ್ಲಿಸಿ, ಕಂಪ್ಯೂಟರ್ ಆಫ್ ಮಾಡಿ, ಮೂರು ವಾರ ಮುಟ್ಟಲಿಲ್ಲ. ಬೇಸರ ಬಂದಿರಬೇಕು ಎಂದುಕೊಂಡೆ. ಇದೂ ಸುಳ್ಳು. ನಾನು ಏನೂ ಅಂದುಕೊಳ್ಳಲಿಲ್ಲ.

ಅಷ್ಟರಲ್ಲಿ ಸೇಲಿನ ದಿನ ಹತ್ತಿರ ಬಂತು. ನನ್ನ ಲೆಕ್ಕದಲ್ಲಿ ಎರಡು ಆಟ ಮುಗಿದಿದ್ದವು, ಇನ್ನೊಂದು ಬೇಕಿತ್ತು. ಪಟ್ಟಿಯಲ್ಲಿ ಮುಗಿಯುವುದಕ್ಕೆ ತೀರಾ ಹತ್ತಿರ ಇದ್ದದ್ದು ಸ್ಟೇಷನ್.

ಹೆಬ್ಬೆರಳು ಬಂದದ್ದು ಒಂದು ಶನಿವಾರ ಮಧ್ಯಾಹ್ನ. ಸಂಜೆ ಕಚೇರಿಯಿಂದ ಬಂದವಳು ಚಪ್ಪಲಿ ಬಿಟ್ಟು ನೇರವಾಗಿ ಕುರ್ಚಿಯಲ್ಲಿ ಕೂತಳು. ಅವತ್ತೇ ಏಕೆ ಕೂತಳೋ ಗೊತ್ತಿಲ್ಲ. ದಾರಿಯಲ್ಲಿ ಏನೋ ತೀರ್ಮಾನವಾಗಿರಬೇಕು. ಆಟ ತೆರೆದರೆ ‘ಹೊಸದಾಗಿ ಆರಂಭಿಸಿ’ ಎನ್ನುವುದು ಬಿಟ್ಟು ಬೇರೇನೂ ಇರಲಿಲ್ಲ.

“ರೀ, ನನ್ನೋರೆಲ್ಲ ಎಲ್ಲಿ?”

ನರಸೀಪುರದವನು ಮುಗಿಸಿರಬೇಕು ಎಂದು ಹೇಳಿದೆ. ಅವನ ಮೇಲೆ ರೇಗಿದೆ ಕೂಡ. ಫೋನ್ ಮಾಡಿ, ಕೇಳದೆ ಮಾಡಿದ್ದಕ್ಕೆ ಅವನನ್ನು ಬೈದೆ, ಅವಳಿಗೆ ಕೇಳಿಸುವ ಹಾಗೆ. “ನೀನೇ ಅಲ್ವೇನ್ಲಾ…” ಎಂದು ಅವನು ಶುರು ಮಾಡಿದಾಗ ಫೋನ್ ಇಟ್ಟುಬಿಟ್ಟೆ.

“ನಾಳೆ ನರಸೀಪುರಕ್ಕೆ ಹೋಗೋಣ. ಏನ್ ಮಾಡ್ದ ಅಂತ ಅವ್ನ ಬಾಯಲ್ಲೇ ಕೇಳ್ಬೇಕು,” ಎಂದಳು.

ಭಾನುವಾರ ಅಂಗಡಿ ಅರ್ಧ ಬಾಗಿಲು ತೆರೆದಿತ್ತು. ಅವನು ಯಾರದೋ ಲ್ಯಾಪ್‌ಟಾಪ್ ಬಿಚ್ಚಿ ಕುಂಚದಲ್ಲಿ ದೂಳು ಒರೆಸುತ್ತಿದ್ದವನು ಎದ್ದು ನಿಂತ. “ಬಾಕ್ಕ, ಕೂತ್ಕೊ. ಟೀ ತರುಸ್ಲಾ?”

“ಟೀ ಬೇಡಪ್ಪ. ಯಾರ್ಯಾರ್ನ ಗಾಡಿ ಹತ್ತಿಸ್ದೆ ಹೇಳು.”

ಅವನಿಗೆ ಅರ್ಥವಾಗಲಿಲ್ಲ. ಸ್ಟೇಷನ್ ಆಟದ ಕೊನೆಯದು ಎಂದು ನಾನು ಬಿಡಿಸಿ ಹೇಳಿದೆ.

“ಓ, ಅದಾ. ಮಾತು ಜಾಸ್ತಿ ಕಣಕ್ಕ ಅದ್ರಲ್ಲಿ. ಸ್ಪೇಸ್‌ಬಾರ್ ಒತ್ಕಂಡೇ ಕೂತಿದ್ದೆ, ಎಲ್ಲಾ ಓಡೋಯ್ತು. ಆಮೇಲೆ ಆರು ಜನುನ್ ಆರ್ಸು ಅಂತು. ಮೇಲಿಂದ ಆರು ಟಿಕ್ ಆಕ್ದೆ.”

“ಹೆಸರು ಓದ್ಲಿಲ್ವಾ?”

“ಓದ್ಕಂಡ್ ಕೂತ್ರೆ ಮುಗಿಯಾದ್ ಯಾವಾಗಕ್ಕ?”

ಪಟ್ಟಿ ಜನ ಬಂದ ಕ್ರಮದಲ್ಲಿ ಇರುತ್ತದೆ. ಅವಳು ಅಲ್ಲೇ ನಿಂತು ಬೆರಳು ಮಡಿಸತೊಡಗಿದಳು: ಅಡುಗೆಯವನು, ಇಬ್ಬರು ಸಿಪಾಯಿಗಳು, ವೈದ್ಯ, ವೈದ್ಯನ ತಮ್ಮ, ಗಡಿಯಾರ ಮಾರುವವನು. ಆರಕ್ಕೆ ನಿಂತಳು. ಉಳಿದ ಐವರ ಹೆಸರು ಬಾಯಲ್ಲಿ ಹೇಳಲಿಲ್ಲ. ಹತ್ತನೆಯದು ಒಬ್ಬ ಅಜ್ಜಿ, ಹನ್ನೊಂದನೆಯದು ಅವಳ ಏಳು ವರ್ಷದ ಮೊಮ್ಮಗಳು ಎಂದು ನನಗೂ ಗೊತ್ತಿತ್ತು. ಗೊತ್ತಿತ್ತೇ? ಈಗ ಗೊತ್ತು.

“ಮಾಸ್ಟರ್?” ಎಂದು ಕೇಳಿದಳು.

“ಊಂ?”

“ನಾನು. ನಾನು ಹೋದ್ನಾ, ಅಲ್ಲೇ ಉಳ್ಕೊಂಡ್ನಾ?”

ಅವನು ನನ್ನ ಮುಖ ನೋಡಿದ. “ನೀನೂ ಓಗ್ತೀಯಾ ಅಂತ ಕೇಳ್ತು. ಊಂ ಅಂತ ಒತ್ತಿರ್ಬೇಕು ಕಣಕ್ಕ.”

ಅವಳು ಕುರ್ಚಿ ಎಳೆದುಕೊಂಡು ಕೂತಳು. ನೀರು ಕುಡಿದಳು. ಅವನು ಗಾಬರಿಯಾಗಿ, “ಗೇಮ್ ತಾನೇ ಬುಡಕ್ಕ. ನಾನೇ ಮೊದ್ಲಿಂದ ಆಡಿ ಆ ಜಾಗಕ್ಕೆ ತಂದ್ ನಿಲ್ಲುಸ್ತೀನಿ. ನೀನ್ ಯೋಳ್ದಂಗೇ ಆಡ್ತೀನಿ, ಫೋನಲ್ಲಿ ಯೋಳು,” ಎಂದ.

“ನಮ್ಮಪ್ಪನ ಗದ್ದೆಗೂ ಮುಯ್ಯಾಳು ಬರೋರು,” ಎಂದಳು ಅವಳು. ದನಿ ಏರಲಿಲ್ಲ. “ನಾಟಿಗೆ ಬರೋರು, ಕಳೆ ಕೀಳೋಕೆ ಬರೋರು. ಏನ್ ಬೆಳೀಬೇಕು ಅಂತ ಯಾವ ಮುಯ್ಯಾಳೂ ಹೇಳ್ತಿರ್ಲಿಲ್ಲಪ್ಪ. ನಿಂಗೆ ಯಾರ್ ಹೇಳಿದ್ದು ಅದು ಪಾಳು ಬಿದ್ದಿದೆ ಅಂತ?”

ಅವನು ಮತ್ತೆ ನನ್ನನ್ನು ನೋಡಿದ. ಈ ಸಲ ಅವನ ಕಣ್ಣಲ್ಲಿ ಗಾಬರಿ ಇರಲಿಲ್ಲ, ಕೋಪವಿತ್ತು. ಮೇಜಿನ ಮೇಲಿನ ಫೋನ್ ತೆಗೆದು, ಗ್ರೂಪ್ ತೆರೆದು, ಏನನ್ನೋ ಹುಡುಕಿ, ದನಿ ಪೂರ್ತಿ ಏರಿಸಿ ಇಟ್ಟ. ನನ್ನ ದನಿ. ನಾನು ಕಳಿಸಿದ ವಾಯ್ಸ್ ಮೆಸೇಜ್.

“ಆ ಸ್ಟೇಷನ್ ಆಟ ಮುಗ್ಸಾಕ್ಲಾ, ವಸಿ ಉಳ್ದದೆ. ಬಿದ್ದದೆ ಸುಮ್ನೆ, ಮನೇಲಿ ಯಾರೂ ಆಡಲ್ಲ ಅದ್ನ.”

ಇಷ್ಟೇ ಆಗಿದ್ದರೆ ಮರೆತಿದ್ದೆ ಎನ್ನಬಹುದಿತ್ತು. ಆದರೆ ನನ್ನ ಮಾತಿನ ಹಿಂದೆ, ಅಡುಗೆಮನೆಯ ಪಾತ್ರೆಯ ಸದ್ದಿನ ಜೊತೆ, ಅವಳ ದನಿ ಇತ್ತು. ಸ್ವಲ್ಪ ದೂರ, ಆದರೆ ಸ್ಪಷ್ಟ: “ರೀ, ಆ ಅಜ್ಜೀನ ಕಳಿಸಿದ್ರೆ ಮಗು ಒಂಟಿ ಆಗುತ್ತೆ. ಇಬ್ರನ್ನೂ ಕಳಿಸಿದ್ರೆ ಡಾಕ್ಟ್ರು ಉಳೀಬೇಕು. ನೀವಾಗಿದ್ರೆ ಏನ್ ಮಾಡ್ತಿದ್ರಿ? ರೀ?”

ಅವಳು ಕೇಳಿದ್ದಳು. ಮೂರು ವಾರ ಕೇಳುತ್ತಲೇ ಇದ್ದಳೋ ಏನೋ. ಹುಳಿಗೆ ಉಪ್ಪು ಸಾಕೇ ಎಂದು ಕೇಳಿದ್ದು ನನಗೆ ನೆನಪಿದೆ, ಇದು ನೆನಪಿಲ್ಲ. ಈಗಲೂ ನೆನಪಾಗುವುದಿಲ್ಲ. ನನ್ನ ಬಳಿ ಇರುವುದು ಹನ್ನೆರಡು ಸೆಕೆಂಡಿನ ಆ ಧ್ವನಿ ಮಾತ್ರ, ಅದೂ ಇನ್ನೊಬ್ಬನ ಫೋನಿನಲ್ಲಿ. ಓದದೆ ಸ್ಪೇಸ್‌ಬಾರ್ ಒತ್ತಿ ಹಿಡಿದವನಿಗೆ ಮಾತು ಜಾಸ್ತಿ ಎನ್ನುವ ಕಾರಣವಾದರೂ ಇತ್ತು. ನನಗೆ ಏನಿತ್ತು?

ವಾಪಸ್ಸು ಬಸ್ಸಿನಲ್ಲಿ ಬಂದೆವು. ಕಿಟಕಿ ಪಕ್ಕದ ಸೀಟು ಸಿಕ್ಕಿದಾಗ ಯಾವಾಗಲೂ ನನಗೆ ಬಿಡುತ್ತಿದ್ದವಳು ಅವತ್ತು ತಾನೇ ಕೂತಳು. ಕ್ಷಮಿಸು ಎಂದು ನಾನು ಹೇಳಿದೆ ಎಂದು ಬರೆದು ಅದನ್ನೂ ಹೊಡೆದುಹಾಕಿದ್ದೇನೆ. ನಾನು ಹೇಳಿದ್ದು, “ಆಟ ನಂದೇ ಅಲ್ವಾ, ನಾನೇ ತಗೊಂಡಿದ್ದು, ಅದಕ್ಕೆ ತಪ್ಪು ತಿಳ್ಕೊಂಡೆ,” ಎಂದು. ಅಷ್ಟೆಲ್ಲ ಕೇಳಿಸಿಕೊಂಡು ಬಂದ ಮೇಲೆಯೂ ನನ್ನ ಬಾಯಿಂದ ಹೊರಟದ್ದು ಅದು.

ಮನೆಗೆ ಬಂದು ಅವಳು ಕೈಕಾಲು ತೊಳೆದು ಕಂಪ್ಯೂಟರ್ ಹಾಕಿದಳು. ನನ್ನ ಹೆಸರಿನ ಖಾತೆಯಿಂದ ಹೊರಬಂದು ತನ್ನ ಹೆಸರಿನಲ್ಲಿ ಹೊಸದೊಂದನ್ನು ಮಾಡಿದಳು. ಅಂಗಡಿಯ ಪುಟದಲ್ಲಿ ಸ್ಟೇಷನ್ ಆಟ ಹುಡುಕಿದಳು. ಪೂರ್ತಿ ಬೆಲೆ ಇತ್ತು. ಸೇಲಿಗೆ ಇನ್ನೂ ಒಂಬತ್ತು ದಿನ.

“ಇರೋ ಆಟವನ್ನೇ ಮತ್ತೆ ತಗೋತೀಯಾ? ಅದೂ ಪೂರ್ತಿ ರೇಟಿಗೆ?” ಎಂದೆ. ನಮ್ಮ ಮೂವರಲ್ಲಿ ಯಾರೂ, ಎಂದೂ, ಒಂದು ಆಟಕ್ಕೂ ಪೂರ್ತಿ ಬೆಲೆ ಕೊಟ್ಟಿಲ್ಲ. “ಒಂಬತ್ತು ದಿನ ತಡಿ. ಕಾಲು ಭಾಗಕ್ಕೆ ಸಿಗುತ್ತೆ.”

“ಗೊತ್ತು,” ಎಂದಳು.

ಅವಳ ಫೋನಿಗೆ ಓಟಿಪಿ ಬಂತು. ಓದಿ ಹೇಳೋಣ ಎಂದು ಅಭ್ಯಾಸಬಲದಿಂದ ನಾನು ಬಗ್ಗಿದೆ. ಅವಳು ಫೋನನ್ನು ಮಡಿಲಿಗೆ ಎಳೆದುಕೊಂಡು, ಅಂಕಿಗಳನ್ನು ತಾನೇ ಒಂದೊಂದಾಗಿ ಒತ್ತಿದಳು.