ತನ್ನ ದೇವರನ್ನು ತಾನೇ ಕೇಳಲಾಗದ ಪಿಳ್ಳಮ್ಮ

ಮೈಮೇಲಿನ ದೇವರು ಇಳಿದ ಮೇಲೆ ಪಿಳ್ಳಮ್ಮ ಕೆದರಿದ ಕೂದಲನ್ನು ಗಂಟು ಹಾಕಿಕೊಳ್ಳುತ್ತಾ ಸುತ್ತ ನೆರೆದವರನ್ನು ಕೇಳುತ್ತಿದ್ದಳು: "ನಾನೇನಾರ ಅಂದ್ನಾ?" ಅಷ್ಟು ಹೊತ್ತು ಊರವರನ್ನೆಲ್ಲ ಹೆಸರು ಹಿಡಿದು ಗದರಿಸಿದವಳು ಇವಳೇನಾ ಅನ್ನಿಸಬೇಕು, ಅಷ್ಟು ಸಪ್ಪೆ ದನಿ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹೆಬ್ಬಾಳದ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತಾ ಕೆಂಪಾಪುರದಲ್ಲಿ ಬಾಡಿಗೆಗಿದ್ದೆ. ಪಿಳ್ಳಮ್ಮ ಪಕ್ಕದ ಮನೆಯವಳು. ಕೆರೆ ಕೆಳಗೆ ಸೊಪ್ಪು ಬೆಳೆದು ಬುಟ್ಟಿ ಹೊತ್ತು ಮಾರುತ್ತಿದ್ದಳು. ಮಂಗಳವಾರ ಮಾತ್ರ ಬುಟ್ಟಿ ಮುಟ್ಟುತ್ತಿರಲಿಲ್ಲ. ಅವತ್ತು ಬೇವಿನ ಮರದಡಿ ಅವಳ ಮೇಲೆ ಸಪ್ಲಮ್ಮ ದೇವರು ಬರುತ್ತಿತ್ತು. ಕಳೆದ ಹಸು, ನಿಂತ ಮದುವೆ, ಬಿಡದ ಜ್ವರ, ಎಲ್ಲಕ್ಕೂ ಅಲ್ಲಿ ಉತ್ತರ. ನನಗೋ ಮೈಯೆಲ್ಲ ಉರಿ. ಒಂದು ದಿನ ಸೊಪ್ಪು ಕೊಳ್ಳುವಾಗ ಹೇಳಿಯೇಬಿಟ್ಟೆ: "ದೇವರೂ ಇಲ್ಲ, ದಿಂಡರೂ ಇಲ್ಲ ಪಿಳ್ಳಮ್ಮ. ಅದೆಲ್ಲ ಮನಸ್ಸಿನ ಆಟ."

ಜಗಳಕ್ಕೆ ಬರುತ್ತಾಳೆಂದುಕೊಂಡಿದ್ದೆ. "ಇದ್ರೂ ಇರಬೌದು ಟೀಚರಮ್ಮ. ಆ ಒತ್ನಾಗೆ ನಾನೆಲ್ಲಿರ್ತೀನೋ ನಂಗೇ ಗೊತ್ತಿಲ್ಲ," ಎಂದು ಕೊಸರಿಗೆ ಒಂದು ಹಿಡಿ ದಂಟು ಹಾಕಿದಳು.

ಗಂಡ ಸತ್ತು ಬಹಳ ಕಾಲವಾಗಿತ್ತು. ಒಬ್ಬನೇ ಮಗ ಮುನಿರಾಜ ಯಶವಂತಪುರದಿಂದ ಲಾರಿ ಕ್ಲೀನರಾಗಿ ಹೋದವನು. ಲಾರಿ ತಿರುಗಿ ಬಂತು, ಅವನು ಬರಲಿಲ್ಲ. ದಾರಿಯಲ್ಲೆಲ್ಲೋ ಇಳಿದುಹೋದ ಅಂದರು. ಊರಿಗೆಲ್ಲ ಹೇಳುವ ದೇವಿ ಅವಳ ಮೈಯಲ್ಲೇ ಇದ್ದಳು. ಆದರೆ ದೇವಿ ಬಂದಾಗ ಪಿಳ್ಳಮ್ಮ ಇರುತ್ತಿರಲಿಲ್ಲ, ಪಿಳ್ಳಮ್ಮ ಇದ್ದಾಗ ದೇವಿ ಇರುತ್ತಿರಲಿಲ್ಲ.

ಒಂದು ಸೋಮವಾರ ಸಂಜೆ ನನ್ನ ಅಡಿಗೆಮನೆ ಬಾಗಿಲಲ್ಲಿ ಬಂದು ಕೂತಳು. "ನಾಳೆ ನೀನು ಕೇಳು, ನನ್ ಮಗ ಎಲ್ಲವ್ನೆ ಅಂತ."

"ನಾನಾ? ನಂಬೋರು ಬೇಕಾದಷ್ಟು ಜನ ಇದಾರಲ್ಲ."

"ಅವ್ರೂ ಕೇಳವ್ರೆ. ಚೆನ್ನಾಗವ್ನಂತೆ, ಬತ್ತಾನಂತೆ ಅಂತಾರೆ. ನನ್ ಮೊಕ ನೋಡಿ ಬೆಲ್ಲ ಬೆರೆಸ್ತಾರೆ. ನೀನು ನಂಬಾಕಿಲ್ಲ, ಇದ್ದಂಗೆ ಏಳ್ತೀಯ."

ಮಂಗಳವಾರ ಶಾಲೆಗೆ ರಜೆ ಹಾಕಿ ಹೋದೆ. ಬೇವಿನ ಸೊಪ್ಪು ಹಿಡಿದು ತೂಗುತ್ತಿದ್ದವಳ ಮುಂದೆ ನಿಂತು, ನಾಚಿಕೆಯಿಂದ ಸಾಯುತ್ತಾ ಕೇಳಿದೆ. ತೂಗಾಟ ನಿಂತಿತು. ಪಿಳ್ಳಮ್ಮನದಲ್ಲದ ಗಡಸು ದನಿಯೊಂದು ಬಂತು: "ಅವನಿಗೂ ಎಲೆ ಆಕು ಅನ್ನು."

ಸುತ್ತಲಿದ್ದವರು ತಲೆ ತಗ್ಗಿಸಿದರು. ಮಹಾಲಯ ಅಮಾವಾಸ್ಯೆಗೆ ಮನೆಯಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುತ್ತಾರೆ. ಬದುಕಿರುವವರಿಗೆ ಯಾರೂ ಹಾಗೆ ಹಾಕುವುದಿಲ್ಲ.

ದೇವರಿಳಿದ ಮೇಲೆ ಅವಳು ಬೇರೆ ಯಾರನ್ನೂ ಕೇಳಲಿಲ್ಲ, ನನ್ನನ್ನೇ ನೋಡಿದಳು. ಬೆಲ್ಲ ಬೆರೆಸಲು ನನಗೂ ಬರುತ್ತಿತ್ತು. ಆದರೆ ಆ ಕಣ್ಣಿನೆದುರು ಸುಳ್ಳು ಹೊರಡಲಿಲ್ಲ, ಇದ್ದದ್ದನ್ನು ಹೇಳಿದೆ. ಹೇಳಿದ ಕೂಡಲೇ ಅವಳ ಕೈ ಹಿಡಿದು, "ಅದು ದೇವರಲ್ಲ ಪಿಳ್ಳಮ್ಮ, ನಿಮ್ಮೊಳಗಿನ ಭಯ ಮಾತಾಡಿದ್ದು. ದಯವಿಟ್ಟು ನಂಬಬೇಡಿ," ಎಂದು ಬೇಡಿಕೊಂಡೆ.

ಸೆರಗಿಗಂಟಿದ ಬೇವಿನೆಲೆಗಳನ್ನು ಒಂದೊಂದಾಗಿ ಬಿಡಿಸುತ್ತಾ, "ಭಯ ಆದ್ರೂ ಎತ್ತವಳ ಒಟ್ಟೇದು ತಾನೆ," ಅಂದಳು.

ಆಮೇಲೆ ಸಪ್ಲಮ್ಮ ಅವಳ ಮೇಲೆ ಬರಲೇ ಇಲ್ಲ. ನಂಬದವಳು ಬಂದು ಕೇಳಿದ್ದಕ್ಕೇ ದೇವಿ ಮುನಿದಳು ಎಂದು ಊರು ಆಡಿಕೊಂಡಿತು. ಮುಂದಿನ ವರ್ಷ ನನಗೆ ವರ್ಗವಾಯಿತು. ಸ್ವಲ್ಪ ಕಾಲಕ್ಕೇ ಪಿಳ್ಳಮ್ಮ ಹೋದ ಸುದ್ದಿ ಬಂತು. ಮುನಿರಾಜ ಇದ್ದಾನೋ ಸತ್ತನೋ ನನಗೆ ಇವತ್ತಿಗೂ ತಿಳಿಯದು. ದೇವರನ್ನು ಈಗಲೂ ನಂಬುವುದಿಲ್ಲ. ಆದರೆ ವರ್ಗವಾಗುವ ಮೊದಲು ಬಂದ ಆ ಅಮಾವಾಸ್ಯೆ ನೆನಪಾದರೆ ಯಾರ ಹತ್ತಿರವೂ ವಾದ ಮಾಡಲು ಮನಸ್ಸಾಗುವುದಿಲ್ಲ.

ಅವತ್ತು ಅವಳೇ ನನ್ನನ್ನು ಕರೆದಿದ್ದಳು. ಗೋಡೆಯ ಪಕ್ಕ ಎರಡು ಎಲೆ ಹಾಕಿತ್ತು. ಗಂಡನ ಎಲೆಗೆ ಸರಸರ ಬಡಿಸಿದಳು. ಇನ್ನೊಂದರ ಮುಂದೆ ಮುದ್ದೆ ಹಿಡಿದು ಬಹಳ ಹೊತ್ತು ಕೂತಳು. "ಬೇಡ ಬಿಡಿ" ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮುದ್ದೆಯನ್ನು ಎಲೆಗಿಟ್ಟು, ಸಾರು ಬಿಟ್ಟು, ಎಲೆಯ ಮೇಲೆ ಬಗ್ಗಿ ಮೆಲ್ಲಗೆ ಅಂದಳು: "ಬಿಸಿ ಐತೆ ಕಣಪ್ಪ. ನಿಧಾನಕ್ಕೆ ಉಣ್ಣು."