ಸೀರೆಗೆ ಬಿದ್ದ ಹುಳ

ದೊಡ್ಡಬಳ್ಳಾಪುರದ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಹತ್ತನೇ ತರಗತಿಗೆ ಜೀವವಿಕಾಸ ಹೇಳಿಕೊಡುವುದೆಂದರೆ ನನಗೆ ತಲೆನೋವು. ಮಕ್ಕಳು ಅದನ್ನು ಆಗಲೇ ಮೊಬೈಲ್ ಗೇಮಿನಲ್ಲಿ ಕಲಿತು ಬಂದಿರುತ್ತಾರೆ: ಪ್ರಾಣಿ ಹೊಡೆದಾಡಿ ಲೆವೆಲ್ ದಾಟುತ್ತದೆ, ಮೈಯೆಲ್ಲ ಮಿಂಚುತ್ತದೆ, ರೆಕ್ಕೆ ಬರುತ್ತದೆ.

"ಸಾರ್, ಮನುಷ್ಯಂದು ಲಾಸ್ಟ್ ಲೆವೆಲ್ಲಾ?" ಎಂದು ಕಳೆದ ವರ್ಷ ಒಬ್ಬ ಕೇಳಿದ. ಬೋರ್ಡಿನ ಮೇಲೆ ಹುಳ, ಹಕ್ಕಿ ಬರೆದು ಗಂಟಲು ಹರಿದುಕೊಂಡೆ. ಯಾರ ತಲೆಗೂ ಹೋಗಲಿಲ್ಲ.

ಗೇಮಿನಿಂದ ಅಂಟಿದ್ದನ್ನು ಗೇಮಿನಿಂದಲೇ ಬಿಡಿಸೋಣ ಎಂದು ಶಾಲೆಯ ಕಂಪ್ಯೂಟರಿನಲ್ಲಿ ಒಂದು ಆಟ ಹಾಕಿದೆ. ಅದರಲ್ಲಿ ಆಡುವವರೇ ಹಕ್ಕಿ. ಪರದೆಯ ಮೇಲೆ ಹರಿದಾಡುವ ಬಣ್ಣಬಣ್ಣದ ಹುಳಗಳನ್ನು ಮೌಸಿನಿಂದ ಕುಕ್ಕಿ ತಿನ್ನಬೇಕು. ಉಳಿದವು ಮರಿ ಹಾಕುತ್ತವೆ. ಮರಿಗಳದ್ದು ಹೆಚ್ಚುಕಡಿಮೆ ತಾಯಿಯ ಬಣ್ಣವೇ. ಹಿನ್ನೆಲೆಗೆ ನಮಗೆ ಬೇಕಾದ ಫೋಟೊ ಹಾಕಬಹುದು. ಎಲೆ, ಮಣ್ಣು ಹಾಕಿ ಬೇಸರವಾದ ಮೇಲೆ, ಒಬ್ಬ ಹುಡುಗಿ ತಮ್ಮ ಮನೆಯ ಮಗ್ಗದಲ್ಲಿ ನೇಯ್ದ ಸೀರೆಯ ಫೋಟೊ ತಂದಳು. ಮಾವಿನಹಣ್ಣಿನ ಬಣ್ಣದ ಒಡಲು, ನೇರಳೆ ಅಂಚು. ಇಡೀ ತರಗತಿ ಆಟಕ್ಕೆ ಮುಗಿಬಿತ್ತು.

ಮರುದಿನ ಬೆಳಿಗ್ಗೆ ಆ ಹುಡುಗಿಯ ತಾಯಿ ಗೇಟಿನಿಂದಲೇ ಕೂಗುತ್ತ ಬಂದರು.

"ಏನ್ ಮೇಷ್ಟ್ರೇ, ನಮ್ ಸೀರೇಗೆ ಹುಳ ಬಿಟ್ಟಿದ್ದೀರಂತೆ? ನಿಮ್ ಮಾಲಿಗೆ ಹುಳ ಬಿದ್ದೈತಾ ಅಂತ ಬೀದಿಯೋರೆಲ್ಲಾ ಕೇಳ್ತಾವ್ರೆ!"

ಅದು ಆಟದ ಹುಳ ಎಂದರೆ ನಂಬಲಿಲ್ಲ. ಕೊನೆಗೆ ಅವರನ್ನೇ ಕಂಪ್ಯೂಟರಿನ ಮುಂದೆ ಕೂರಿಸಿದೆ. ತಮ್ಮ ಸೀರೆಯ ಮೇಲೆ ನೀಲಿ, ಹಸಿರು, ಕೆಂಪು ಹುಳ ಓಡಾಡುವುದನ್ನು ಕಂಡದ್ದೇ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಎಲ್ಲಿಗ್ ಹೋಗ್ತೀಯಾ, ಬಾ ಇಲ್ಲಿ!"

ಮೌಸು ಮುರಿಯುವ ಹಾಗೆ ಕುಕ್ಕತೊಡಗಿದರು. ಮಕ್ಕಳು ಸುತ್ತ ನಿಂತು ಕೇಕೆ ಹಾಕಿದರು. ಗದ್ದಲ ಕೇಳಿ ಬೈಯಲು ಬಂದ ಹೆಡ್‌ಮಾಸ್ಟರು "ಅಗೋ ಮೂಲೇಲಿ, ಕೆಂಪುದು!" ಎನ್ನುತ್ತ ಅಲ್ಲೇ ನಿಂತುಬಿಟ್ಟರು.

ಬಹಳ ಹೊತ್ತಿನ ಮೇಲೆ ಆ ತಾಯಿ ಹಣೆ ಒರೆಸಿಕೊಂಡರು. "ಖಾಲಿ. ಒಂದೂ ಇಲ್ಲ."

"ಸರ್ಯಾಗ್ ನೋಡಮ್ಮಾ" ಎಂದಳು ಮಗಳು.

ಅವರು ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. ಒಡಲಿನ ತುಂಬ ಮಾವಿನ ಬಣ್ಣದ ಹುಳ, ಅಂಚಿನುದ್ದಕ್ಕೂ ನೇರಳೆ ಹುಳ.

"ಅಯ್ಯೋ ಕಳ್ ನನ್ಮಕ್ಳಾ! ನನ್ ನೋಡಿ ಬಣ್ಣ ಬದಲಾಯಿಸ್ಕೊಂಡ್ಬಿಟ್ಟವೆ!"

"ಯಾವ್ದೂ ಬದಲಾಯಿಸ್ಕೊಂಡಿಲ್ಲ ಕಣಮ್ಮಾ. ಎದ್ದು ಕಾಣೋವನ್ನೆಲ್ಲಾ ನೀನೇ ತಿಂದ್ಬಿಟ್ಟೆ. ಕಾಣ್ದೇ ಇದ್ದವು ಉಳ್ಕೊಂಡು ಮರಿ ಹಾಕಿದ್ವು, ಅಷ್ಟೇ."

ನನಗೆ ಆ ಹುಡುಗಿಗೆ ಅಲ್ಲೇ ಪೂರ್ತಿ ಅಂಕ ಕೊಟ್ಟುಬಿಡೋಣ ಅನ್ನಿಸಿತು. ತಾಯಿಗೆ ಮಾತ್ರ ಸಿಟ್ಟು ಬಂತು.

"ನಾನ್ ತಿಂದ್ನಾ? ಶನಿವಾರ ಕಣೇ ಇವತ್ತು, ಮೊಟ್ಟೆನೂ ಮುಟ್ಟಲ್ಲ ನಾನು!"

ಹೊರಡುವಾಗ ನನ್ನ ಕಡೆ ತಿರುಗಿ, "ಇನ್ಮೇಲೆ ನಮ್ ಸೀರೆ ಬೇಡ ಮೇಷ್ಟ್ರೇ. ನಿಮ್ ಮನೇದೇ ಏನಾದ್ರೂ ಹಾಕ್ಕೊಳ್ಳಿ" ಎಂದರು.

ಸೋಮವಾರ ನನ್ನ ಚೌಕಳಿ ಲುಂಗಿಯ ಫೋಟೊ ಹಾಕಿದೆ. ಹೆಡ್‌ಮಾಸ್ಟರು ತಾವೇ ಕುರ್ಚಿ ಎಳೆದು ಕೂತರು. ಒಂದು ಹುಳವನ್ನು ಮತ್ತೆ ಮತ್ತೆ ಕುಕ್ಕಿದರು, ಅದು ಸಾಯಲಿಲ್ಲ. ಆಮೇಲೆ ಕನ್ನಡಕ ಏರಿಸಿ ನೋಡಿ, ಮೆಲ್ಲಗೆ ಹೇಳಿದರು:

"ಇದು ಸಾರಿನ ಕಲೆ ಕಣ್ರೀ. ಒಗ್ದಾದ್ರೂ ಫೋಟೊ ತೆಗೀಬಾರ್ದಾ?"